ಬೇಲಿಯೊಳಗಿನ ಅಪಾಯ, ಬೇಲಿಯಾಚೆಯ ಹೊಳೆ

2006ರ ಪರಿಸರ ಪರಿಣಾಮ ಅಧಿಸೂಚನೆಯ ಚೌಕಟ್ಟಿನಲ್ಲಿ ಅಪಾಯದ ಅಂದಾಜಿಗೆ ಸಿಕ್ಕಿರುವ ಜಾಗ ವರದಿಯ ಏಳನೆಯ ಅಧ್ಯಾಯ. ಜನರ ಅಹವಾಲು, ಪುನರ್ವಸತಿ, ವಿಪತ್ತು, ಎಲ್ಲವನ್ನೂ ಅಲ್ಲೇ ತುರುಕಬೇಕು. ಇತ್ತ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ಯೋಜನೆ ಇರಲೇಬೇಕು. ಒಂದು ಪರಿಸರ ಇಲಾಖೆಯ ಕಡತ, ಇನ್ನೊಂದು ಜಿಲ್ಲಾಧಿಕಾರಿ ಕಚೇರಿಯದು. ಒಂದನ್ನು ಬರೆಯುವವರು ಇನ್ನೊಂದನ್ನು ತೆರೆದು ನೋಡಲೇಬೇಕೆಂಬ ಗಟ್ಟಿ ಏರ್ಪಾಡು ಎರಡರಲ್ಲೂ ಇಲ್ಲ. ಬರ ಮತ್ತು ನೆರೆ ಒಂದೇ ವರ್ಷದಲ್ಲಿ ಬಂದು ಹೋಗುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೀಮೆಯಲ್ಲಿ ಈ ಅಗಲಿಕೆಗೆ ಬೆಲೆ ತೆತ್ತವರು ಹೊಳೆದಂಡೆಯವರು.

ಕೂಡಗಿಯಿಂದಲೇ ಶುರುಮಾಡೋಣ. ಬಸವನ ಬಾಗೇವಾಡಿ ಸೀಮೆಯ ಈ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರಕ್ಕೆ 2012ರಲ್ಲಿ ಪರಿಸರ ಅನುಮತಿ ಸಿಕ್ಕಿತು. ಉಳುವ ಹೊಲಗಳನ್ನು ಬರಡು ನೆಲವೆಂದು ತೋರಿಸಲಾಗಿದೆ ಎಂದು ರೈತರು ಹಸಿರು ನ್ಯಾಯಮಂಡಳಿಯ ಮೊರೆ ಹೋದರು. 2014ರ ಮಾರ್ಚ್‌ನಲ್ಲಿ ನ್ಯಾಯಮಂಡಳಿ ಅನುಮತಿಯನ್ನು ತಡೆಹಿಡಿದು ಮರುಪರಿಶೀಲನೆಗೆ ಕಳಿಸಿತು. ಅದೇ ವರ್ಷದ ಜುಲೈನಲ್ಲಿ ಪ್ರತಿಭಟನೆಯ ಮೇಲೆ ಗೋಲಿಬಾರ್ ನಡೆಯಿತು. ಹೊಲದಲ್ಲಿ ಬೆಳೆ ನಿಂತಿದ್ದೇ ಕಾಣದ ವರದಿಗೆ ಮುಂದೆ ಬರಬಹುದಾದ ಆಪತ್ತು ಕಂಡೀತೆ? ಇಂಥ ವರದಿಗಳಲ್ಲಿ ‘ವಿಪತ್ತು’ ಎಂದರೆ ಹೆಚ್ಚಾಗಿ ಕಾಂಪೌಂಡಿನೊಳಗಿನ ಬೆಂಕಿ, ಎಣ್ಣೆ ಟ್ಯಾಂಕು, ಕ್ಲೋರಿನ್. ಮಧ್ಯಪ್ರದೇಶದ ಸಿಂಗ್ರೌಲಿಯಲ್ಲಿ 2019–20ರಲ್ಲಿ ಒಂದರ ಹಿಂದೊಂದು ಬೂದಿಕೊಳಗಳ ಒಡ್ಡು ಒಡೆದಾಗ ಬೂದಿ ನುಗ್ಗಿದ್ದು ಬೇಲಿಯಾಚೆಯ ಹೊಲಗಳಿಗೆ, ಜೀವಗಳೂ ಹೋದವು. ಅಂಥದ್ದು ಇಲ್ಲಾದರೆ ಯಾವ ಊರಿಗೆ ಯಾರು ಸುದ್ದಿ ಮುಟ್ಟಿಸಬೇಕು ಎನ್ನುವುದು ಪರಿಸರ ವರದಿಗೂ ಜಿಲ್ಲೆಯ ವಿಪತ್ತು ಯೋಜನೆಗೂ ಕೂಡಿಯೇ ಸೇರಿದ ಪ್ರಶ್ನೆ.

ಭೀಮೆಯ ಕಥೆ ಇನ್ನೂ ಜಟಿಲ. ಇಂಡಿ, ಸಿಂದಗಿ ಕಡೆ ಹನಿ ಮಳೆ ಬೀಳದಿದ್ದರೂ ಮೇಲಿನ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ಮೇಲಿನ ನೀರಿನ ಜೊತೆಗೆ ಮಳೆಯೂ ಸುರಿದು ದಂಡೆಯ ಊರುಗಳು ಮುಳುಗಿದವು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ಗೋಳು. ಈ ನಡುವೆ ಹೊಳೆಗೆ ಅಡ್ಡಲಾಗಿ ಸಾಲುಸಾಲು ಬಾಂದಾರಗಳಿವೆ. ಬೇಸಿಗೆಯಲ್ಲಿ ಅವು ವರವೇ. ಆದರೆ ಮಳೆಗಾಲಕ್ಕೆ ಮುಂಚೆ ಗೇಟುಗಳನ್ನು ತೆಗೆದಿಡದಿದ್ದರೆ ನೀರು ಪಕ್ಕದ ದಂಡೆಯನ್ನೇ ಕೊರೆದುಕೊಂಡು ಹೋಗುತ್ತದೆ. ಬಿಡಿಯಾಗಿ ನೋಡಿದರೆ ಒಂದೊಂದು ಬಾಂದಾರವೂ ಸಣ್ಣ ಕಾಮಗಾರಿ, ದೊಡ್ಡ ಪರಿಶೀಲನೆಗೆ ನಿಲುಕದು. ಅಷ್ಟೂ ಸೇರಿ ಹೊಳೆಯ ಹೂಳು ಮತ್ತು ನೆರೆಯ ಮಟ್ಟವನ್ನು ಏನು ಮಾಡಿವೆ ಎಂದು ಅಳೆಯುವ ಹೊಣೆಯನ್ನು ಯಾವ ಕಾಮಗಾರಿಯ ಕಡತವೂ ಹೊರುವುದಿಲ್ಲ. ಸೊನ್ನ ಬ್ಯಾರೇಜಿನ ಹಿನ್ನೀರು ತಾರಾಪುರದಂಥ ಊರನ್ನೇ ಮುತ್ತಿದಾಗ ಅದನ್ನು ನೆರೆ ಎನ್ನಬೇಕೋ, ಯೋಜನೆಯ ಪರಿಣಾಮ ಎನ್ನಬೇಕೋ? ಪರಿಹಾರ ಯಾವ ಲೆಕ್ಕದಲ್ಲಿ ಬರಬೇಕೆಂಬುದು ಅದರ ಮೇಲೇ ನಿಂತಿದೆ. ಊರವರಿಗೆ ಮಾತ್ರ ನೀರು ಒಂದೇ. ತಾಳಿಕೋಟೆಯ ಬಳಿ ಡೋಣಿ ಹೊಳೆಯ ಹೂಳು, ಮೇಲಿಂದ ಮೇಲೆ ಮುಳುಗುವ ತಗ್ಗು ಸೇತುವೆ ಕೂಡ ಇದೇ ಜಾತಿಯ ತಕರಾರು.

ಈ ಎರಡು ಕಡತಗಳ ಅಗಲಿಕೆ ಅತಿ ಹೆಚ್ಚು ಹಾನಿ ಮಾಡಿದ್ದು ಮರುನಿರ್ಮಾಣದಲ್ಲಿ. 2009ರ ಸೆಪ್ಟೆಂಬರ್ ಕೊನೆಯ ಮಹಾಮಳೆಯ ಬಳಿಕ ಸರ್ಕಾರ ‘ಆಸರೆ’ ಹೆಸರಿನಲ್ಲಿ, ದಾನಿ ಕಂಪನಿಗಳ ಹಣವನ್ನೂ ಸೇರಿಸಿ, ಉತ್ತರ ಕರ್ನಾಟಕದಲ್ಲಿ ಊರಿಗೆ ಊರನ್ನೇ ಹೊಸದಾಗಿ ಕಟ್ಟಲು ಹೊರಟಿತು. ಅವಸರ ಅರ್ಥವಾಗುವಂಥದ್ದೇ, ತಗಡಿನ ಶೆಡ್ಡಿನಲ್ಲಿ ಬೇಸಿಗೆ ಕಳೆಯುವವರಿಗೆ ವರದಿ ಕಾಯಿರಿ ಎನ್ನಲಾಗದು. ಆದರೆ ಜಾಗ ಎರಿಯೋ ಮಡ್ಡಿಯೋ, ಕುಡಿಯುವ ನೀರು ಎಲ್ಲಿಂದ, ಗಟಾರದ ನೀರು ಎಲ್ಲಿಗೆ, ಹೊಲ ಎಷ್ಟು ದೂರ ಎಂಬ ಪ್ರಶ್ನೆಗಳಿಗೆ ವರ್ಷ ಬೇಕಿಲ್ಲ. ಎರಿ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ, ಅದಕ್ಕೆ ತಕ್ಕ ಬುನಾದಿ ಬೇಕು ಎಂಬುದು ಇಲ್ಲಿನ ಯಾವ ಗೌಂಡಿಯನ್ನು ಕೇಳಿದರೂ ಗೊತ್ತಾಗುವ ಸಂಗತಿ. ಅನೇಕ ಕಡೆ ಆಸರೆ ಮನೆಗಳು ಖಾಲಿ ಬಿದ್ದವು. ಜನ ಹೊಳೆದಂಡೆಯ ಹಳೆಯ ಮನೆಗೇ ಮರಳಿದರು. ಇಪ್ಪತ್ತು ಸಾವಿರ ಚದರ ಮೀಟರ್ ಮುಟ್ಟದ ಕಟ್ಟಡಕ್ಕೆ ಪರಿಸರ ಅನುಮತಿಯೇ ಬೇಡವಾದ್ದರಿಂದ ಸಣ್ಣ ಸಣ್ಣ ಬಡಾವಣೆಗಳನ್ನು ಆ ದೃಷ್ಟಿಯಿಂದ ನೋಡುವ ಪ್ರಮೇಯವೇ ಬರಲಿಲ್ಲ.

ಎರಡು ಕಡತಗಳನ್ನೂ ಒಂದುಗೂಡಿಸಿದರೆ ಕೆಲಸ ನಿಧಾನವಾಗುತ್ತದೆ ಎಂಬ ಆಕ್ಷೇಪ ಅರ್ಧ ನಿಜ. ಇಂದಿನ ವರದಿಗಳ ಗಾತ್ರ ನೋಡಿದರೆ ಯಾರಿಗಾದರೂ ಹಾಗೆನ್ನಿಸುತ್ತದೆ. ಆದರೆ ಕೇರ್ ಸಂಸ್ಥೆ ಮತ್ತು ಲಂಡನ್ನಿನ ಬೆನ್‌ಫೀಲ್ಡ್ ಕೇಂದ್ರ ವಿಪತ್ತಿನ ಹೊತ್ತಿಗೆಂದೇ ರೂಪಿಸಿದ ತ್ವರಿತ ಪರಿಶೀಲನಾ ಪದ್ಧತಿ ಇದೆ. ಪರಿಣತರ ಅಳತೆಗೆ ಕಾಯದೆ, ಊರವರನ್ನೂ ಕೂರಿಸಿಕೊಂಡು, ಇದ್ದ ಮಾಹಿತಿಯಲ್ಲೇ ಅಪಾಯಗಳನ್ನು ಸಾಲಾಗಿ ಜೋಡಿಸುವ ವಿಧಾನ ಅದು. ನಮ್ಮಲ್ಲಿ ಪಂಚನಾಮೆಗೆ ಬರುವ ತಲಾಠಿಯ ಕೈಯಲ್ಲಿ ಅಂಥದೊಂದು ಹಾಳೆ ಇರಬಾರದೆ? ಈಗ ಆತ ಬಿದ್ದ ಗೋಡೆ ಎಣಿಸಿ ಹೋಗುತ್ತಾನೆ.

ಆಲಮಟ್ಟಿ ಅಣೆಕಟ್ಟಿನ ವಿಷಯದಲ್ಲಿ ಸಮಯ ಇನ್ನೂ ಇದೆ. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು ಒಪ್ಪಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗಡೆಯಾಗುವ 75 ಸಾವಿರಕ್ಕೂ ಹೆಚ್ಚು ಎಕರೆಗೆ ದರ ನಿಗದಿ ಮಾಡಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಚರ್ಚೆಯೆಲ್ಲ ಈಗ ಈ ದರದ ಸುತ್ತಲೇ. ಹೊಸ ಮುಳುಗಡೆ ಗೆರೆಗಿಂತ ತುಸು ಮೇಲೆ ಉಳಿಯುವ, ಪರಿಹಾರದ ಪಟ್ಟಿಯಲ್ಲಿಲ್ಲದ ಮನೆಗಳು ಎಷ್ಟು, ಹೊಳೆ ಉಬ್ಬಿ ಹಿನ್ನೀರು ಏರಿದ ದಿನ ಅವರು ಹೋಗುವ ದಾರಿ ಯಾವುದು, ಪುನರ್ವಸತಿ ಕೇಂದ್ರದ ನೆಲ ಎಂಥದ್ದು ಎಂಬುದನ್ನು ಒಂದೇ ನಕ್ಷೆಯಲ್ಲಿ ಬರೆದು, ಜಮೀನು ಬರೆಸಿಕೊಳ್ಳುವ ಮುಂಚೆ ಗ್ರಾಮಸಭೆಯ ಮುಂದಿಡಬೇಕು.