ತಂತಿ ಒಂದೇ, ವಿದ್ಯುತ್ತು ಬೇರೆ

ಮುಂಬಯಿಯಿಂದ ಹೊರಟ ರೈಲು ಕಸಾರೆಯಲ್ಲಿ ನಿಂತು, ಬ್ಯಾಂಕರ್ ಎಂದು ರೈಲ್ವೆಯವರು ಕರೆಯುವ ಹೆಚ್ಚುವರಿ ಎಂಜಿನುಗಳನ್ನು ಬೆನ್ನಿಗೆ ಕಟ್ಟಿಸಿಕೊಂಡು, 37 ಅಡಿ ನಡೆದರೆ 1 ಅಡಿ ಮೇಲೇರುವಂಥ ಥಳ ಘಾಟವನ್ನು ಹತ್ತಿ ಇಗತ್‌ಪುರಿಯನ್ನು ಮುಟ್ಟಿದ ಮೇಲೆ, ಒಂದು ಕಾಲದಲ್ಲಿ ಅಲ್ಲಿ ಮತ್ತೊಂದು ಕಾರ್ಯ ನಡೆಯಬೇಕಾಗಿತ್ತು. ಅಷ್ಟು ದೂರ ಎಳೆದು ತಂದ ಎಂಜಿನನ್ನು ಕಳಚಿ ಬೇರೊಂದನ್ನು ಹೂಡಬೇಕಾಗಿತ್ತು. ಎಂಜಿನು ದಣಿದಿತ್ತೆಂದಲ್ಲ, ಕೆಟ್ಟಿತ್ತೆಂದೂ ಅಲ್ಲ. ಮುಂಬಯಿಯಿಂದ ಇಗತ್‌ಪುರಿಯವರೆಗೆ ಹಳಿಯ ಮೇಲಣ ತಂತಿಯಲ್ಲಿ ಹರಿಯುತ್ತಿದ್ದುದು 1500 ವೋಲ್ಟಿನ ಡಿ.ಸಿ. ವಿದ್ಯುತ್ತು, ಅಲ್ಲಿಂದಾಚೆಗೆ, ನಾಸಿಕ ಭುಸಾವಳಗಳ ಕಡೆಗೆ, 25,000 ವೋಲ್ಟಿನ ಎ.ಸಿ. ನೋಡುವವನ ಕಣ್ಣಿಗೆ ಹಳಿಯೂ ಅದೇ, ತಂತಿಯೂ ಅದೇ. ಆದರೆ ಒಂದಕ್ಕೆಂದು ಹುಟ್ಟಿದ ಎಂಜಿನು ಇನ್ನೊಂದರ ಕೆಳಗೆ ಒಂದಡಿಯೂ ಚಲಿಸದು. ಮುಂದೆ ಎರಡನ್ನೂ ಬಲ್ಲ ಎಂಜಿನುಗಳು ಬಂದವು. ಕಡೆಗೆ 2015ರ ವೇಳೆಗೆ ಮುಂಬಯಿಯವರೆಗೂ ಎ.ಸಿ.ಯೇ ಆಗಿ, ಆ ಕಳಚಿ ಹೂಡುವ ಪದ್ಧತಿ ಚರಿತ್ರೆಗೆ ಸೇರಿತು.

ಈ ವಾರದ ಅಂಕಣವನ್ನು ನಾನು ಬರೆಯುತ್ತಿರುವುದು ಇಗತ್‌ಪುರಿಯ ಮಗ್ಗುಲ ಊರಾದ ಘೋಟಿಯಿಂದ. ಅಕ್ಕಿಯ ಗಿರಣಿಗಳಿಗೆ ಹೆಸರಾದ ಈ ಪೇಟೆಯಲ್ಲಿ, ಮುಂಬಯಿ-ಆಗ್ರಾ ಹೆದ್ದಾರಿಯ ಬದಿಗೆ, ಕುಂದಾಪುರ ಸೀಮೆಯಿಂದ ಬಂದ ನನ್ನ ಭಾವನವರು ಒಂದು ಸಣ್ಣ ಹೋಟೆಲನ್ನು ನಡೆಸಿಕೊಂಡಿದ್ದಾರೆ. ಅವರ ಮಗ, ಹದಿನೆಂಟು ತುಂಬಿದ ನನ್ನ ಸೋದರಳಿಯ, ಆಟವಾಡಲು ತಕ್ಕದಾದ ಗಣಕಯಂತ್ರವೊಂದನ್ನು ತಾನೇ ಕೂಡಿಸಬೇಕೆಂದು ಎರಡು ವರ್ಷ ಹಣ ಉಳಿಸಿ, ನಾನು ಬಂದಿಳಿದ ಸಂಜೆಯೇ ಒಂದು ಪಟ್ಟಿಯನ್ನು ಮುಂದಿಟ್ಟು, "ಮಾವ, ಇದರಲ್ಲಿ ಎಲ್ಲವೂ ಒಳ್ಳೆಯ ಕಂಪನಿಯದ್ದೇ. ನೀವು ಒಮ್ಮೆ ಕಣ್ಣಾಡಿಸಿದರೆ ಸಾಕು," ಎಂದನು. ಕಣ್ಣಾಡಿಸಿದೆ. ಅವನ ಮಾತು ಸತ್ಯವಾಗಿತ್ತು; ಒಂದೊಂದು ಬಿಡಿಭಾಗವೂ ತನ್ನಷ್ಟಕ್ಕೆ ಉತ್ತಮವಾದದ್ದೇ. ಆದರೆ ಪ್ರೊಸೆಸರು ಒಂದು ಸಾಕೆಟಿನದು, ಮದರ್‌ಬೋರ್ಡು ಇನ್ನೊಂದರದು, ರ್‍ಯಾಮು ಇವೆರಡರಲ್ಲಿ ಒಂದಕ್ಕೆ ಮಾತ್ರ ಒಗ್ಗುವಂಥದು. ಆ ಪಟ್ಟಿಯನ್ನು ಹಿಡಿದು ಕೊಂಡು ತಂದಿದ್ದರೆ ಅವನ ಕೋಣೆಯಲ್ಲಿ ಬೆಲೆಬಾಳುವ ಪೆಟ್ಟಿಗೆಗಳ ರಾಶಿಯೊಂದು ಇರುತ್ತಿತ್ತೇ ಹೊರತು ಗಣಕಯಂತ್ರ ಇರುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಸದರ್ ಪತ್ರಪ್ಪ ರಸ್ತೆಯ, ಎಂದರೆ ನಮ್ಮ ಎಸ್.ಪಿ. ರೋಡಿನ, ಅಂಗಡಿಗಳ ನಡುವೆ ಇರುವವರಿಗೆ ಇಂಥ ತಪ್ಪು ಒಂದು ಮಧ್ಯಾಹ್ನದ ನಷ್ಟ. ಘೋಟಿಯಲ್ಲಿರುವವನಿಗೆ ಹಾಗಲ್ಲ. ನಾಸಿಕವು ಮೂವತ್ತೈದು ಕಿಲೋಮೀಟರಿನಷ್ಟು ಸಮೀಪವಿದ್ದರೂ, ಹತ್ತು ಅಂಗಡಿ ಸುತ್ತಿ ಆರಿಸಿ ತರಬೇಕೆಂಬವರು ಈಗಲೂ ಇಗತ್‌ಪುರಿಯಲ್ಲಿ ರೈಲು ಹಿಡಿದು, ಘಾಟ ಇಳಿದು, ದಾದರಿನಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡಿನ ಬಳಿಯ ಲ್ಯಾಮಿಂಗ್ಟನ್ ರೋಡಿಗೇ ಹೋಗುತ್ತಾರೆ. ಡಾ. ದಾದಾಸಾಹೇಬ ಭಡಕಮಕರ ಮಾರ್ಗವೆಂದು ಹೆಸರು ಬದಲಾದರೂ, ಹಳೆಯ ಬೊಂಬಾಯಿ ಗವರ್ನರನೊಬ್ಬನ ಹೆಸರನ್ನು ಗಿರಾಕಿಗಳ ನಾಲಗೆ ಬಿಟ್ಟಿಲ್ಲ. ಅಲ್ಲಿಂದ ತಂದದ್ದು ಕೂಡದೆ ಹೋದರೆ ಮತ್ತೊಮ್ಮೆ ಘಾಟ ಇಳಿಯಬೇಕು, ಮತ್ತೊಮ್ಮೆ ಹತ್ತಬೇಕು. ಹೊಂದಾಣಿಕೆಯ ವಿಚಾರ ಇಲ್ಲಿ ವಿದ್ಯೆಯಲ್ಲದೆ ಅವಶ್ಯಕತೆಯೂ ಹೌದು.

ಅಳಿಯನ ಪಟ್ಟಿ ಪ್ರೊಸೆಸರಿನಿಂದ ಆರಂಭವಾಗಿತ್ತು. ಮೊದಲು ನೋಡಬೇಕಾದದ್ದು ಮಾನಿಟರು. ಪರದೆಯ ಮೇಲೆ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿದ್ದರೆ ಒಟ್ಟು 20,73,600 ಬಿಂದುಗಳಾದವು. ಸೆಕೆಂಡಿಗೆ ಅರವತ್ತು ಬಾರಿ ಚಿತ್ರ ಬದಲಾಗಬೇಕೆಂದರೆ ಗ್ರಾಫಿಕ್ಸ್ ಕಾರ್ಡು ಸೆಕೆಂಡೊಂದಕ್ಕೆ ಹನ್ನೆರಡು ಕೋಟಿಗೂ ಮೀರಿದ ಬಿಂದುಗಳಿಗೆ ಬಣ್ಣ ತುಂಬಬೇಕು. ಪರದೆ 4ಕೆ ಆದರೆ ಈ ಕೆಲಸ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಯಾವ ಪರದೆ, ಯಾವ ಆಟ ಎಂಬುದು ನಿಶ್ಚಯವಾಗದೆ ಕಾರ್ಡನ್ನು ಆರಿಸುವುದು, ಉಣ್ಣುವವರೆಷ್ಟು ಜನ ಎಂದು ಕೇಳದೆ ಅಕ್ಕಿ ನೆನೆಹಾಕಿದಂತೆ. ಪುಣೆಯ ತರುಣರು 2020ರಲ್ಲಿ ಹೊರತಂದ 'ರಾಜಿ' ಎಂಬ ಸುಂದರವಾದ ಆಟವಾಗಲಿ, ಅಳಿಯನೂ ಅವನ ಸ್ನೇಹಿತರೂ ಆಡುವ 'ವ್ಯಾಲರಂಟ್' ಆಗಲಿ ಸಾಧಾರಣ ಕಾರ್ಡಿನಲ್ಲಿ ಸಲೀಸಾಗಿ ನಡೆಯುವಂಥವು. ಅವನಿಗೆ ಬೇಕಾದದ್ದು 1080 ಗೆರೆಗಳ, ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವ ಪರದೆ; ಅದಕ್ಕೆ ಆರ್‌ಟಿಎಕ್ಸ್ 4060ರ ದರ್ಜೆಯ ಕಾರ್ಡು ಧಾರಾಳವಾಯಿತು. ಹೀಗೆ ಪರದೆ ಕಾರ್ಡನ್ನು ಆರಿಸಿತು. ಕಾರ್ಡಿಗೆ ತಕ್ಕ ಪ್ರೊಸೆಸರು, ಪ್ರೊಸೆಸರಿಗೆ ತಕ್ಕ ಬೋರ್ಡು ಹಿಂದೆ ಬರುತ್ತವೆ.

ಪ್ರೊಸೆಸರು ಬೋರ್ಡುಗಳ ನಡುವಣ ಸಂಬಂಧವೇ ಈ ವಿದ್ಯೆಯ ಹೃದಯವಾದುದರಿಂದ ಇಲ್ಲಿ ತುಸು ನಿಲ್ಲುತ್ತೇನೆ. ಎ.ಎಂ.ಡಿ.ಯವರ ಎಎಂ4 ಸಾಕೆಟಿಗೆ ಸೇರುವ ಪ್ರೊಸೆಸರಿನ ತಳದಲ್ಲಿ ಕೂದಲಿನಷ್ಟು ನವುರಾದ 1331 ಮುಳ್ಳುಗಳಿರುತ್ತವೆ. 2022ರಲ್ಲಿ ಬಂದ ಎಎಂ5ರಲ್ಲಿ ಮುಳ್ಳುಗಳು ಬೋರ್ಡಿನ ಕಡೆಗೆ ಸರಿದು, ಸಂಖ್ಯೆ 1718ಕ್ಕೆ ಏರಿದೆ. ಇಂಟೆಲಿನವರ 12, 13, 14ನೆಯ ಪೀಳಿಗೆಗಳು 1700ರ ಸಾಕೆಟಿಗೆ ಸೇರಿದರೆ, 2024ರ ಅಕ್ಟೋಬರಿನಲ್ಲಿ ಬಂದವು 1851ನ್ನು ಕೇಳುತ್ತವೆ. ಇವುಗಳಲ್ಲಿ ಒಂದರ ಪ್ರೊಸೆಸರನ್ನು ಇನ್ನೊಂದರ ಬೋರ್ಡಿನಲ್ಲಿ ಕೂರಿಸಲಾಗದು. ಇದು ಕಣ್ಣಿಗೆ ಕಾಣುವ ಭೇದವಾದ್ದರಿಂದ ಅಪಾಯ ಕಡಿಮೆ. ಅಪಾಯವಿರುವುದು, ಸಾಕೆಟು ಒಂದೇ ಆಗಿದ್ದೂ ಪರಿಚಯವಿಲ್ಲದಿರುವಲ್ಲಿ.

ಕೆಲವು ವರ್ಷಗಳ ಹಿಂದೆ ಇದೇ ಭಾವನವರ ಹೋಟೆಲಿನ ಲೆಕ್ಕಪತ್ರಕ್ಕೆಂದು ನಾನೊಂದು ಯಂತ್ರವನ್ನು ಕೂಡಿಸಿಕೊಟ್ಟಿದ್ದೆ. ಸಾಕೆಟು ಸರಿಯಾಗಿತ್ತು, ಪ್ರೊಸೆಸರು ತನ್ನ ಪೀಠದಲ್ಲಿ ಮೃದುವಾಗಿ ಕುಳಿತಿತು, ಫ್ಯಾನು ತಿರುಗಿತು, ದೀಪ ಬೆಳಗಿತು; ಪರದೆ ಮಾತ್ರ ಕತ್ತಲಾಗಿಯೇ ಉಳಿಯಿತು. ಜುಲೈ ತಿಂಗಳ ಮಳೆಯಲ್ಲಿ ಎರಡು ದಿನ ಎಲ್ಲವನ್ನೂ ಬಿಚ್ಚಿ ಕೂಡಿಸಿದ ಮೇಲೆ ಕಾರಣ ಹೊಳೆಯಿತು. ಬೋರ್ಡು ಪ್ರೊಸೆಸರಿಗಿಂತ ಮೊದಲು ಕಾರ್ಖಾನೆಯಿಂದ ಹೊರಟು, ಅಂಗಡಿಯ ಅಟ್ಟದ ಮೇಲೆ ಬಹುಕಾಲ ಮಲಗಿದ್ದಂಥದು. ಅದರೊಳಗಿನ ಬಯೋಸ್ ಎಂಬ ಮೂಲಲಿಪಿಯಲ್ಲಿ, ತಾನು ಹುಟ್ಟಿದ ಮೇಲೆ ಹುಟ್ಟಿದ ಈ ಪ್ರೊಸೆಸರಿನ ಹೆಸರೇ ಇರಲಿಲ್ಲ. ಬಯೋಸನ್ನು ಹೊಸದಾಗಿಸಬೇಕಾದರೆ ಯಂತ್ರ ಎದ್ದು ನಿಲ್ಲಬೇಕು. ಯಂತ್ರ ಎದ್ದು ನಿಲ್ಲಬೇಕಾದರೆ ಬಯೋಸು ಹೊಸದಾಗಿರಬೇಕು. ಹಳೆಯ ಪ್ರೊಸೆಸರೊಂದನ್ನು ಎರವಲು ತರಲು ಆ ಮಳೆಯಲ್ಲಿ ಘಾಟ ಇಳಿದದ್ದನ್ನು ನಾನು ಮರೆತಿಲ್ಲ. ಎಎಂ4ರ ಬಿ450 ಬೋರ್ಡುಗಳಲ್ಲಿ ರೈಜ಼ನ್ 5000 ಸಾಲಿನ ಪ್ರೊಸೆಸರುಗಳನ್ನು ಕೂರಿಸುವವರು ಇಂದಿಗೂ ಈ ವಿಷಯದಲ್ಲಿ ಎಚ್ಚರವಾಗಿರತಕ್ಕದ್ದು. ಪ್ರೊಸೆಸರಿಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸನ್ನು ಬದಲಿಸಿಕೊಳ್ಳುವ ಗುಂಡಿಯೊಂದು ಈಚಿನ ಅನೇಕ ಬೋರ್ಡುಗಳ ಬೆನ್ನಿನಲ್ಲಿರುತ್ತದೆ. ಅಂಗಡಿಯಿಂದ ದೂರವಿರುವವರು ಅದಕ್ಕಾಗಿ ನಾಲ್ಕು ಕಾಸು ಹೆಚ್ಚು ತೆತ್ತರೂ ನಷ್ಟವಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುವೆನು. ಚಿತ್ರವನ್ನು ತಾನೇ ಮೂಡಿಸಬಲ್ಲ ಸಣ್ಣ ಸಾಮರ್ಥ್ಯವೊಂದು ಕೆಲವು ಪ್ರೊಸೆಸರುಗಳ ಒಡಲಲ್ಲಿಯೇ ಇರುತ್ತದೆ. ರೈಜ಼ನ್ 5 7600ಕ್ಕೆ ಅದುಂಟು, ರೈಜ಼ನ್ 5 5600ಕ್ಕೆ ಇಲ್ಲ, ಹೆಸರಿನ ತುದಿಗೆ ಎಫ್ ಅಕ್ಷರವಿರುವ ಇಂಟೆಲಿನವಕ್ಕೂ ಇಲ್ಲ. ಆಟಕ್ಕೆ ಬೇರೆ ಕಾರ್ಡು ಹೇಗೂ ಇರುವಾಗ ಇದೇಕೆಂದು ಪೇಟೆಯವರು ಕೇಳುವರು. ಕಾರ್ಡು ಕೆಟ್ಟು ರಿಪೇರಿಗೆ ಹೋದ ಮೂರು ವಾರ, ಯಂತ್ರ ಪೂರಾ ಕುರುಡಾಗದೆ ಇರಲೆಂದು ಘೋಟಿಯವರು ಉತ್ತರ ಹೇಳಬಹುದು.

ರ್‍ಯಾಮಿನ ವಿಷಯ ಸಂಕ್ಷಿಪ್ತವಾದದ್ದು. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಕಾಲುಗಳೇ, ಉದ್ದವೂ ಒಂದೇ. ಆದರೆ ನಡುವಣ ಕಚ್ಚು ಬೇರೆ ಬೇರೆ ಎಡೆಯಲ್ಲಿದ್ದು ಒಂದು ಇನ್ನೊಂದರ ಕಿಂಡಿಯಲ್ಲಿ ಇಳಿಯದು. ಎಎಂ4ಕ್ಕೆ ನಾಲ್ಕು, ಎಎಂ5ಕ್ಕೆ ಐದು. ಇಂಟೆಲಿನ 1700ರಲ್ಲಿ ಬೋರ್ಡಿನ ಮೇಲೆ ಬರೆದದ್ದೇ ಪ್ರಮಾಣ. ಒಂದು ದೊಡ್ಡ ಕಡ್ಡಿಗಿಂತ ಎರಡು ಸಣ್ಣ ಕಡ್ಡಿಗಳನ್ನು ತಂದು, ನಾಲ್ಕು ಕಿಂಡಿಗಳಿರುವ ಬೋರ್ಡಾದರೆ ಪ್ರೊಸೆಸರಿನ ಕಡೆಯಿಂದ ಎರಡನೆಯದರಲ್ಲೂ ನಾಲ್ಕನೆಯದರಲ್ಲೂ ಕೂರಿಸಿ, ಬಯೋಸಿನಲ್ಲಿ ಅದರ ಪೂರ್ಣ ವೇಗವನ್ನು ಹಚ್ಚುವುದನ್ನು ಮರೆಯಬಾರದು.

ಕೂಡುತ್ತದೆ, ಆದರೆ ಉಸಿರಾಡುವುದಿಲ್ಲ ಎಂಬ ಮತ್ತೊಂದು ಜಾತಿಯ ಹೊಂದಾಣಿಕೆಯುಂಟು. ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಅಗ್ಗದ ಕಾರ್ಡು ಬೋರ್ಡಿನೊಡನೆ ಮಾತಾಡಲು ಬಳಸುವುದು ನಾಲ್ಕೇ ಹಾದಿಗಳನ್ನು. ನಾಲ್ಕನೆಯ ತಲೆಮಾರಿನ ಪಿಸಿಐಇ ಇರುವಲ್ಲಿ ಆ ನಾಲ್ಕು ಸಾಲುತ್ತವೆ. ಮೂರನೆಯದಾದರೆ ಹಾದಿಯ ಅಗಲವೇ ಅರ್ಧವಾಗಿ, ಎಷ್ಟೋ ಆಟಗಳಲ್ಲಿ ಕಾರ್ಡು ಕುಂಟುತ್ತದೆ. ಅಗ್ಗದ ಕಾರ್ಡನ್ನು ಹಳೆಯ ಬೋರ್ಡಿಗೆ ಹಾಕುವವರೇ ಹೆಚ್ಚಾದ್ದರಿಂದ ಪೆಟ್ಟು ಬೀಳುವುದೂ ಬಡ ಗಿರಾಕಿಗೆ; ಇದು ನನಗೆ ನೋವಿನ ಸಂಗತಿ. ಎಂ.2 ಎಂಬ ಕಿರುಪಟ್ಟಿಯ ಸಂಗ್ರಾಹಕಗಳಲ್ಲಿಯೂ ಇಂಥದೇ ತೊಡಕು: ಸಾಟಾ ಒಂದು, ಎನ್‌ವಿಎಂಇ ಇನ್ನೊಂದು, 22 ಮಿಲಿಮೀಟರ್ ಅಗಲ, 80 ಉದ್ದದ ಅದೇ ಆಕಾರ, ಬೋರ್ಡಿನ ಕಿಂಡಿ ಒಂದನ್ನೇ ಬಲ್ಲುದಾದರೆ ಇನ್ನೊಂದು ಅಲ್ಲಿ ಇದ್ದೂ ಇಲ್ಲದಂತೆ. ಇಗತ್‌ಪುರಿಯ ತಂತಿ ಇಲ್ಲಿ ಮತ್ತೆ ನೆನಪಾಗುತ್ತದೆ.

ಎಸ್‌ಎಂಪಿಎಸ್ ಅಂತೂ ಪೆಟ್ಟಿಗೆಯೊಳಗಿನ ಇಗತ್‌ಪುರಿಯೇ ಸರಿ. ಗೋಡೆಯ 230 ವೋಲ್ಟಿನ ಎ.ಸಿ.ಯನ್ನು ಒಳಗಿನವರು ಉಣ್ಣಬಲ್ಲ 12 ವೋಲ್ಟಿನ ಡಿ.ಸಿ.ಯಾಗಿ ಪರಿವರ್ತಿಸುವುದು ಅದರ ಕಾಯಕ. ಅಳಿಯನ ಪಟ್ಟಿಯಲ್ಲಿ ಅದಕ್ಕೆ ಸಂದದ್ದು ಕಡೆಯ ಸಾಲು, ಕ್ಯಾಬಿನೆಟ್ಟಿನೊಡನೆ ಬರುವ ಹೆಸರಿಲ್ಲದ ಒಂದು ಡಬ್ಬಿ. ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ಪ್ರೊಸೆಸರು 65 ವ್ಯಾಟಿನದೆಂದು ಹೇಳಿದರೂ ಬಿರುಸಾದಾಗ 88ರವರೆಗೆ ಸೆಳೆಯುತ್ತದೆ; ಕಾರ್ಡಿಗೆ 115; ಬೋರ್ಡು, ರ್‍ಯಾಮು, ಫ್ಯಾನುಗಳಿಗೆಂದು ಅರುವತ್ತು ಎಪ್ಪತ್ತು ಸೇರಿಸಿದರೂ ಒಟ್ಟು ಮುನ್ನೂರರೊಳಗೆ. ಹಾಗೆಂದು ಮುನ್ನೂರರದೇ ತರುವುದು ಬ್ಯಾಂಕರುಗಳಿಲ್ಲದೆ ಘಾಟ ಹತ್ತಿಸುವ ಸಾಹಸ. ಏರಿನಲ್ಲಿ ಬೇಕಾಗುವ ಬಲ ಸಮನೆಲದ ಬಲದಿಂದ ಅಳೆಯತಕ್ಕದ್ದಲ್ಲ. 80 ಪ್ಲಸ್ ಮುದ್ರೆಯುಳ್ಳ 550 ವ್ಯಾಟಿನ ಒಂದನ್ನು ಬರೆದೆವು. ಇದರೊಡನೆ ಒಂದು ಎಚ್ಚರಿಕೆ: ಕಳಚಿ ಜೋಡಿಸಬಹುದಾದ ಕೇಬಲುಗಳುಳ್ಳ ಎಸ್‌ಎಂಪಿಎಸ್ ಆದರೆ, ಒಂದರ ಕೇಬಲನ್ನು ಇನ್ನೊಂದಕ್ಕೆ ಎಂದೂ ಹಾಕಬಾರದು. ತುದಿಯ ಆಕಾರ ಒಂದೇ ಆದರೂ ಒಳಗಣ ತಂತಿಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆಯಾಗಿದ್ದು, 5 ವೋಲ್ಟಿನ ಎಡೆಗೆ 12 ನುಗ್ಗಿ, ವರ್ಷಗಳ ಛಾಯಾಚಿತ್ರಗಳನ್ನು ಹೊತ್ತ ಹಾರ್ಡ್‌ಡಿಸ್ಕು ಒಂದೇ ಕ್ಷಣದಲ್ಲಿ ಸುಟ್ಟುಹೋದೀತು.

ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಆಷಾಢ ಶ್ರಾವಣಗಳೆಂದರೆ ವಿದ್ಯುತ್ತಿನ ಕಣ್ಣುಮುಚ್ಚಾಲೆಯ ಮಾಸಗಳು. ಹೋಟೆಲಿನ ಇನ್ವರ್ಟರಿಗೇ ಯಂತ್ರವನ್ನು ಹಚ್ಚುವೆನೆಂದು ಅಳಿಯ ಹೇಳಿದಾಗ ನಾನು ಅದರ ಮೇಲಿನ ಚೀಟಿಯನ್ನು ಓದಿಸಿದೆ. ದೀಪ ಫ್ಯಾನುಗಳಿಗೆ ಸಾಕಾಗುವ ಒರಟು ಅಲೆಯ ವಿದ್ಯುತ್ತು ಅದರದು. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅಂಥ ಅಲೆಗೆ ಹೊಂದಿಕೊಳ್ಳಲಾರದೆ ಯಂತ್ರ ಅಲ್ಲಿಯೇ ಆರಿಹೋಗುವುದುಂಟು. ಸೈನ್ ಅಲೆಯನ್ನು ಕೊಡುವ ಯುಪಿಎಸ್ ಬೇಕು. ಅದರಲ್ಲಿಯೂ 600 ವಿ.ಎ. ಎಂದು ದೊಡ್ಡದಾಗಿ ಬರೆದದ್ದು ಸಾಮಾನ್ಯವಾಗಿ 360 ವ್ಯಾಟಿನದೆಂದು ತಿಳಿದುಕೊಳ್ಳಬೇಕು. ಯಂತ್ರಕ್ಕೂ ಪರದೆಗೂ ಸೇರಿ ಅದು ಕೆಲವೇ ನಿಮಿಷಗಳ ಆಧಾರ. ಆ ನಿಮಿಷಗಳು ಆಟ ಮುಗಿಸಲಿಕ್ಕಲ್ಲ, ಯಂತ್ರವನ್ನು ಕ್ರಮವಾಗಿ ಮುಚ್ಚಲಿಕ್ಕೆ.

ಕ್ಯಾಬಿನೆಟ್ಟಿಗೆ ಅಳತೆಪಟ್ಟಿಯೊಂದು ಸಾಕು. ಮೈಕ್ರೋ ಎಟಿಎಕ್ಸ್ ಬೋರ್ಡು ಹೆಚ್ಚೆಂದರೆ 244 ಮಿಲಿಮೀಟರಿನ ಚೌಕ. ಕಾರ್ಡಿನ ಉದ್ದ, ಕೂಲರಿನ ಎತ್ತರ ಇವೆರಡನ್ನೂ ಪೆಟ್ಟಿಗೆಯ ಮೇಲೆ ಬರೆದ ಮಿತಿಯೊಡನೆ ಹೋಲಿಸಿದರಾಯಿತು. ಗಾಜಿನ ಅಂದಕ್ಕೆ ಮರುಳಾಗಿ ಗಾಳಿಯ ದಾರಿ ಮುಚ್ಚಿದ್ದನ್ನು ಮಾತ್ರ ಕೊಳ್ಳತಕ್ಕದ್ದಲ್ಲ.

ರಾತ್ರಿ ಹೋಟೆಲು ಮುಚ್ಚಿದ ಮೇಲೆ, ಅಕ್ಕ ಕೊಟ್ಟ ಮಜ್ಜಿಗೆಯನ್ನು ಮುಂದಿಟ್ಟುಕೊಂಡು ನಾವು ಹೊಸ ಪಟ್ಟಿ ಬರೆದೆವು. "ಕೂಡಿ ಬಂತೋ ಸಾಲಾವಳಿ?" ಎಂದು ಅವಳು ಕೇಳಿದಳು. ಕೂಡಿ ಬಂದಿತ್ತು: ಎಎಂ5ರ ಬೋರ್ಡು, ಬೆನ್ನಿನಲ್ಲಿ ಬಯೋಸಿನ ಗುಂಡಿ, ರೈಜ಼ನ್ 5 7600, ಡಿಡಿಆರ್5ರ ಎರಡು ಕಡ್ಡಿಗಳು, 4060ರ ಕಾರ್ಡು, 550ರ ಎಸ್‌ಎಂಪಿಎಸ್. ಹಳೆಯ ಪಟ್ಟಿಯ ಹಿರಿಯ ಕಾರ್ಡನ್ನು ಬಿಟ್ಟದ್ದರಿಂದ ಉಳಿದ ಹಣ ಯುಪಿಎಸ್‌ಗೆ ಸಂದಿತು. ಪ್ರತಿಯೊಂದು ಹೆಸರಿನ ಎದುರಿಗೂ ಸಾಕೆಟು, ಅಳತೆ, ವ್ಯಾಟುಗಳನ್ನು ಅಳಿಯನೇ ತನ್ನ ಕೈಯಾರೆ ಬರೆದಿದ್ದಾನೆ. ಶನಿವಾರ ಘಾಟ ಇಳಿಯುವವನಿದ್ದಾನೆ.

ಅವನಿಗೆ ಹೇಳಿದ ಕಡೆಯ ಮಾತನ್ನೇ, ದೂರದ ಊರುಗಳಿಂದ ಪೇಟೆಗೆ ಬರುವ ಓದುಗರಿಗೂ ಹೇಳುತ್ತೇನೆ. ಹಣ ಎಣಿಸಿಕೊಡುವ ಮೊದಲು, ಬೋರ್ಡು ಪ್ರೊಸೆಸರು ರ್‍ಯಾಮುಗಳನ್ನು ಅಂಗಡಿಯ ಮೇಜಿನ ಮೇಲೆಯೇ ಕೂಡಿಸಿ, ಪರದೆಯ ಮೇಲೆ ಬಯೋಸಿನ ಪುಟ ಮೂಡುವುದನ್ನು ತೋರಿಸಿರೆಂದು ಕೇಳಿರಿ. ಹತ್ತು ನಿಮಿಷದ ಕೆಲಸ. ಒಪ್ಪದ ಅಂಗಡಿಯಿಂದ ಎದ್ದು ಪಕ್ಕದ ಅಂಗಡಿಗೆ ನಡೆಯಿರಿ.