ಆರು ಸಾಲಿಗೆ ಸಂದ ಅತಿಮರ್ಯಾದೆ

ಬೆಂಗಳೂರಿನ ರಾಮಮೂರ್ತಿ ನಗರದ ಟ್ಯೂಷನ್ ಮನೆಗಳಲ್ಲಿ ಫ್ರೆಂಚ್ ಪಾಠಕ್ಕೆ ‘ಅಲೇ’ ಕ್ರಿಯಾಪದದ ಕೋಷ್ಟಕವೇ ಗಣಪತಿ ಪೂಜೆ. ಹೋಗುವುದು ಎಂಬರ್ಥದ ಈ ಪದವನ್ನು ಜ್ ವೇ, ತ್ಯು ವಾ, ಇಲ್ ವಾ, ನೂಜಲೋಂ, ವೂಜಲೇ, ಇಲ್ ವೋಂ ಎಂದು ಆರು ಸಾಲಿನಲ್ಲಿ ಒಪ್ಪಿಸಿದವರು ಪಾಸು. ನನ್ನ ತಕರಾರು ಈ ಕೋಷ್ಟಕದ ಬಗ್ಗೆ.

ಮೊದಲ ದೋಷ, ಆರೂ ಸಾಲಿಗೆ ಸಮಾನ ತೂಕ ಕೊಡುವುದು. ಮಾತಿನಲ್ಲಿ ಫ್ರೆಂಚರು ‘ನೂಜಲೋಂ’ ಎನ್ನುವುದು ಕಡಿಮೆ, ‘ಓಂ ವಾ’ ಎನ್ನುವುದೇ ಹೆಚ್ಚು. ಹೊರಡೋಣ ಎನ್ನಲು ‘ಓಂ ನಿ ವಾ’. ‘ನಾವು’ ಎಂಬರ್ಥದ ಈ ‘ಓಂ’ ಆರು ಸಾಲಿನ ಬಾಯಿಪಾಠದಲ್ಲಿ ಬರುವುದೇ ಇಲ್ಲ. ಎರಡನೆಯದು ಇನ್ನೂ ದೊಡ್ಡದು. ಈ ಪದದ ನಿತ್ಯದ ದುಡಿಮೆ ಹೋಗುವುದಷ್ಟೇ ಅಲ್ಲ. ‘ಜ್ ವೇ ಮಾಂಜೇ’ ಎಂದವನು ಎಲ್ಲಿಗೂ ಹೋಗುತ್ತಿಲ್ಲ, ಇನ್ನೇನು ಊಟಕ್ಕೆ ಕೂರುತ್ತಾನೆ. ಇದು ಹತ್ತಿರದ ಭವಿಷ್ಯ. ನಮ್ಮ ‘ಹೋಗು’ ಇದೇ ಸಹಾಯಕ ಕೆಲಸವನ್ನು ಹಿಂದುಮುಂದಾಗಿ ಮಾಡುತ್ತದೆ: ಒಡೆದುಹೋಯಿತು, ಮರೆತುಹೋಯಿತು. ಅಲ್ಲಿ ಮುಂದಿನದಕ್ಕೆ ಹೊರಟ ಪದ ಇಲ್ಲಿ ಮುಗಿದದ್ದಕ್ಕೆ ಬೀಗ ಹಾಕುತ್ತದೆ. ಕನ್ನಡದ ಮಗುವಿಗೆ ಮೊದಲ ದಿನವೇ ಹೇಳಬೇಕಾದ ವ್ಯತ್ಯಾಸ ಇದು. ಕೋಷ್ಟಕದಲ್ಲಿ ಇದಕ್ಕೆ ಒಂದು ಅಡಿಟಿಪ್ಪಣಿಯೂ ಇಲ್ಲ.

ಭಯ ಹುಟ್ಟಿಸುವುದು ಮೂರನೆಯ ದೋಷ. ಮಾತಾಡು ಎಂಬರ್ಥದ ‘ಪಾರ್ಲೇ’ ಥರ ನಿಯಮದವನಂತೆ ಕಂಡರೂ ‘ಅಲೇ’ ಪುಂಡ ಎಂದು ಮೇಷ್ಟ್ರು ಹೆದರಿಸುತ್ತಾರೆ. ಅದು ಬೆರಕೆ ಅಷ್ಟೆ. ‘ವೇ’, ‘ವಾ’ ಲ್ಯಾಟಿನ್ನಿನ ‘ವಾದೆರೆ’ಯಿಂದ ಬಂದವು, ಭವಿಷ್ಯದ ‘ಇರೇ’ ಇನ್ನೊಂದು ಮೂಲವಾದ ‘ಇರೆ’ಯಿಂದ. ‘ಅಲೋಂ’ ಎಲ್ಲಿಯದು ಎಂಬ ಜಗಳ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ. ಆದರೆ ಈ ಬಡಾವಣೆಯ ಮಗುವಿಗೆ ಇದು ಹೊಸತೇ? ಹಿಂದಿಯ ‘ಜಾನಾ’ ನಿನ್ನೆಗೆ ‘ಗಯಾ’ ಆಗುತ್ತದೆ, ಇಂಗ್ಲಿಷಿನ ‘ಗೋ’ ‘ವೆಂಟ್’ ಆಗುತ್ತದೆ. ಪಕ್ಕದ ಮನೆಯ ತೆಲುಗಿನಲ್ಲಿ ‘ರಾ’ ಎಂದು ಕರೆದರೆ ‘ವಸ್ತಾನು’ ಎಂಬ ಉತ್ತರ. ನಮ್ಮಲ್ಲೂ ‘ಬಾ’ ಎಂದದ್ದು ‘ಬಂದ’ ಎಂದಾಗುತ್ತದೆ. ಇದನ್ನೆಲ್ಲ ಬೀದಿಯಲ್ಲೇ ಗೆದ್ದ ಹುಡುಗನಿಗೆ ಫ್ರೆಂಚ್ ಮೇಷ್ಟ್ರು ‘ಹುಷಾರು’ ಎನ್ನುವುದು ತಮಾಷೆ.

ಬಾಯಿಪಾಠದ ವಕೀಲರು ಕೂಡಲೇ ‘ರಾಮಃ ರಾಮೌ ರಾಮಾಃ’ ಎತ್ತುತ್ತಾರೆ: ನಾವು ಹಾಗೇ ಕಲಿತೆವು, ಏನು ಕೆಟ್ಟಿತು? ಕೆಟ್ಟಿದ್ದು ಇಷ್ಟೇ, ಸಂಸ್ಕೃತದ ಆ ರೂಪಗಳು ಕಿವಿಗೆ ಬೇರೆಬೇರೆ. ‘ಪಾರ್ಲೇ’ಯ ಆರು ರೂಪಗಳಲ್ಲಿ ನಾಲ್ಕು ಒಂದೇ ಥರ ‘ಪಾರ್ಲ್’ ಎಂದು ಕೇಳಿಸುತ್ತವೆ. ಅಲ್ಲಿ ಒಪ್ಪಿಸುವುದು ಕಾಗುಣಿತವನ್ನು, ಮಾತನ್ನಲ್ಲ. ‘ಅಲೇ’ಯಲ್ಲಾದರೋ ಐದು ಧ್ವನಿಗಳು ಬೇರೆ, ಅಷ್ಟರ ಮಟ್ಟಿಗೆ ವಕೀಲರಿಗೆ ಒಂದು ಅಂಕ. ‘ವ್ಯಾಕರಣ ಬಿಸಾಡಿ, ಸುಮ್ಮನೆ ಮಾತಾಡಿ’ ಎನ್ನುವ ಇನ್ನೊಂದು ಗುಂಪಿಗೆ ಅದೂ ಸಿಗದು. ಮಾತಾಡಲು ವಾರಕ್ಕೊಂದು ಗಂಟೆ, ಎದುರಿಗೆ ಒಬ್ಬ ಫ್ರೆಂಚನೂ ಇಲ್ಲ. ಯಾರೊಡನೆ ಮಾತಾಡಬೇಕು?

ಫ್ರೆಂಚ್ ಜ್ಞಾನ ಅಳೆಯುವ ಪರೀಕ್ಷೆಯಾದ ಡೆಲ್ಫ್‌ನ ಮೊದಲ ಹಂತದಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕಕ್ಕೂ ತಲಾ 25 ಅಂಕ. ಕೋಷ್ಟಕ ಒಪ್ಪಿಸುವುದಕ್ಕೆಂದು ಅಲ್ಲಿ ಐದನೆಯ ಭಾಗ ಇಲ್ಲ.