ಹಳೇ ಪೆಟ್ಟಿಗೆಗೊಂದು ಹೊಸ ಜೊತೆ

ಹಾಡಿನ ಪೆಟ್ಟಿಗೆ ಕೊಳ್ಳುವವರಿಗೆ ಸಿಗುವ ಸಲಹೆಗಳೆಲ್ಲ ಗಂಡಸರ ಸಲಹೆಗಳು ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಎಷ್ಟು ವ್ಯಾಟ್, ಬೇಸ್ ಎಷ್ಟು ಗುದ್ದುತ್ತದೆ, ಯಾವ ದೇಶದ ಮಾಲು, ಇಷ್ಟಕ್ಕೆ ಅವರ ವಿಮರ್ಶೆ ಮುಗಿಯುತ್ತದೆ. ಆದರೆ ನಮ್ಮ ಊರುಗಳ ಮನೆಗಳಲ್ಲಿ ಪೆಟ್ಟಿಗೆ ಹಾಲ್‌ನಲ್ಲಿ, ಕೇಳುವ ಕಿವಿ ಒಲೆಯ ಮುಂದೆ. ಹಾಗೆ ಒಗ್ಗರಣೆಯ ಸದ್ದಿನ ನಡುವೆ ನಲವತ್ತು ವರ್ಷ ಹಾಡು ಕೇಳಿದವಳಿಗೂ ಒಂದು ಅಭಿಪ್ರಾಯ ಇರುತ್ತದಲ್ಲ, ಅದನ್ನು ಯಾರೂ ಕೇಳುವುದಿಲ್ಲ.

ಈಗ ಸಿಡಿ ಪ್ಲೇಯರ್ ಯಾರಿಗೆ ಬೇಕು ಎನ್ನಬೇಡಿ. ಭದ್ರಾವತಿಯ ನ್ಯೂಟೌನಿನಲ್ಲಿರುವ ನನ್ನ ಅಕ್ಕನಿಗೆ ಬೇಕು. ಭಾವ ಕಾರ್ಖಾನೆಯಲ್ಲಿದ್ದವರು. 1984ರಲ್ಲಿ ಬೋನಸ್ ಹಣಕ್ಕೆ ಇನ್ನಷ್ಟು ಸೇರಿಸಿ ಅವರು ತಂದ ಆಂಪ್ಲಿಫೈಯರೂ ಎರಡು ಸ್ಪೀಕರ್ ಬಾಕ್ಸುಗಳೂ ಇಂದಿಗೂ ಗಟ್ಟಿಮುಟ್ಟಾಗಿವೆ, ಭಾವ ಇಲ್ಲ. ಆಮೇಲೆ ಅದಕ್ಕೆ ಜೊತೆಯಾಗಿ ಬಂದ ಸಿಡಿ ಪ್ಲೇಯರ್ ಕಳೆದ ಮಳೆಗಾಲದಲ್ಲಿ ತಟ್ಟೆಯನ್ನು ಓದುವುದನ್ನೇ ಬಿಟ್ಟಿತು. ಅಕ್ಕನ ಕಣ್ಣೂ ಸಕ್ಕರೆ ಕಾಯಿಲೆಯಿಂದ ಮಂಜಾಗುತ್ತಿದೆ. ಓದು ನಿಂತಿತು, ಟಿವಿ ಬೇಡವಾಯಿತು, ಇನ್ನು ಉಳಿದದ್ದು ಕೇಳುವುದೊಂದೇ.

"ಫೋನಿನಲ್ಲೇ ಎಲ್ಲ ಸಿಗುತ್ತಲ್ಲಮ್ಮ" ಎನ್ನುತ್ತಾರೆ ಮಕ್ಕಳು. ಸಿಗುತ್ತದೆ, ನಿಜ. ಆದರೆ ನುಣುಪು ಗಾಜಿನ ಮೇಲೆ ಬೆರಳಿಗೆ ದಾರಿ ಸಿಗಬೇಕಲ್ಲ! ಮಾತಿನಲ್ಲಿ ಹೇಳಿದರೆ ಹಾಡು ಹಾಕುವ ಪೆಟ್ಟಿಗೆಯನ್ನೂ ತಂದುಕೊಟ್ಟರು. ಅಕ್ಕನ ಕನ್ನಡಕ್ಕೆ ಅದು ಕೊಟ್ಟ ಉತ್ತರಗಳನ್ನು ಇಲ್ಲಿ ಬರೆಯುವುದು ಬೇಡ. ಅವಳು ತನ್ನ ಸಿಡಿ ಡಬ್ಬಿಗಳಿಗೆ ದಾರ ಸುತ್ತಿ ಗುರುತು ಮಾಡಿಕೊಂಡಿದ್ದಾಳೆ. ಒಂದು ಸುತ್ತಾದರೆ ಶಿವಮೊಗ್ಗ ಸುಬ್ಬಣ್ಣ, ಎರಡಾದರೆ ಭೀಮಸೇನ ಜೋಶಿಯವರ ದಾಸವಾಣಿ, ಮೂರಾದರೆ ಕಾಳಿಂಗರಾಯರು. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಕೇಳಿಕೊಂಡು ಬೆಳೆದವಳ ರುಚಿ ಅದು, ಬದಲಾಗುವುದಿಲ್ಲ.

ಶಿವಮೊಗ್ಗದ ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ಯಜಮಾನ್ರನ್ನ ಕರ್ಕೊಂಡು ಬನ್ನಿ ಮೇಡಂ, ತೋರಿಸ್ತೀನಿ" ಎಂದರು. ಯಜಮಾನರಿಗೆ ಹಾಡೆಂದರೆ ನಿದ್ದೆ ಎಂದು ಅವರಿಗೆ ಹೇಗೆ ತಿಳಿಯಬೇಕು? ಕೊನೆಗೆ ತೋರಿಸಿದ್ದು ಒಂದು ಡಿವಿಡಿ ಪ್ಲೇಯರ್. ಅದೂ ಸಿಡಿ ಹಾಡಿಸುತ್ತದೆ, ಅಗ್ಗವೂ ಹೌದು. ಆದರೆ ನಾನು ನೋಡಿದ್ದರಲ್ಲಿ ಎಷ್ಟನೆಯ ಹಾಡು ಎಂದು ತಿಳಿಯಬೇಕಾದರೆ ಟಿವಿ ಹಚ್ಚಬೇಕು. ಕಣ್ಣು ಮಂಜಾದವಳಿಗೆ ಹಾಡು ಕೇಳಲು ಟಿವಿ!

ಇಲ್ಲಿ ಸ್ವಲ್ಪ ಮೇಷ್ಟ್ರಗಿತ್ತಿಯ ಪಾಠ ಹೇಳಿಬಿಡುತ್ತೇನೆ. ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ, ಜಪಾನಿನಲ್ಲಿ. ಅಕ್ಕನ ಮನೆಯದರಂಥ ಆಂಪ್ಲಿಫೈಯರುಗಳು ರೆಕಾರ್ಡು, ರೇಡಿಯೋ, ಟೇಪುಗಳ ಕಾಲದವು. ಬೆನ್ನಿನ ಕಡೆ ತೂತುಗಳ ಸಾಲಿರುತ್ತದೆ. 'ಫೋನೋ' ಎಂದು ಬರೆದಿರುವುದು ರೆಕಾರ್ಡಿನ ಮುಳ್ಳು ಕೊಡುವ ಕೆಲವೇ ಮಿಲಿವೋಲ್ಟುಗಳಿಗಾಗಿ ಇರುವ ಜಾಗ. ಸಿಡಿ ಪ್ಲೇಯರ್ ಕೊಡುವುದು ಹತ್ತಿರ ಹತ್ತಿರ 2 ವೋಲ್ಟ್. ಅಲ್ಲಿಗೆ ಸಿಕ್ಕಿಸಿದರೆ ಹಾಡಲ್ಲ, ಅರಚಾಟ ಕೇಳುತ್ತದೆ. 'ಆಕ್ಸ್' ಅಥವಾ 'ಟೇಪ್' ಎಂಬಲ್ಲಿಗೇ ಸೇರಿಸಬೇಕು. ಅಲ್ಲಿಗೂ ಅರ್ಧ ವೋಲ್ಟಿಗಿಂತ ಕಡಿಮೆ ಬರುತ್ತದೆ ಎಂದು ಲೆಕ್ಕ ಹಾಕಿ ಮಾಡಿದ ಆಂಪ್ಲಿಫೈಯರುಗಳು ಹಲವು. ಆದ್ದರಿಂದಲೇ ವಾಲ್ಯೂಮನ್ನು ಕೂದಲೆಳೆಯಷ್ಟು ತಿರುಗಿಸಿದರೂ ದನಿ ಮೈಮೇಲೆ ಬೀಳುತ್ತದೆ. "ಸಿಡಿ ಕರ್ಕಶ, ಕ್ಯಾಸೆಟ್ಟೇ ಮೃದು" ಎಂದು ಹಳಬರು ಹೇಳುವುದರಲ್ಲಿ ಒಂದು ಪಾಲು ಈ ಲೆಕ್ಕದ ತಪ್ಪು ಎನ್ನುವುದು ನನ್ನ ಗುಮಾನಿ. ನಡುಗುವ ಕೈಗೆ ಇದು ದೊಡ್ಡ ತೊಂದರೆ. ಯಾವ ಜಾಹೀರಾತಿನಲ್ಲೂ ಇದರ ಸುದ್ದಿಯಿಲ್ಲ.

ಇದಕ್ಕೆ ಮದ್ದು ಭದ್ರಾವತಿಯಲ್ಲೇ ಸಿಕ್ಕಿತು. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದು, ಈಗ ಮಿಕ್ಸಿ ರಿಪೇರಿಯಲ್ಲಿ ದಿನ ದೂಡುತ್ತಿರುವ ಒಬ್ಬರು, ವೈರಿನ ನಡುವೆ ಒಂದೊಂದು ಕಡೆಗೆ ಎರಡೆರಡು ರೆಸಿಸ್ಟರ್ ಕೂರಿಸಿ ವೋಲ್ಟೇಜ್ ತಗ್ಗಿಸಿಕೊಟ್ಟರು. ಅವರು ತೆಗೆದುಕೊಂಡ ಹಣ ಒಂದು ಮೊಳ ಮಲ್ಲಿಗೆಗೂ ಸಾಲದು.

ಇನ್ನು ಪ್ಲೇಯರ್. ಎರಡು ಮಾಲು ಕೇಳಿ ನೋಡಿದೆವು, ಒಂದರ ಬೆಲೆ ಇನ್ನೊಂದರ ಮೂರು ಪಟ್ಟು. ಮೊದಲು ಕಾಳಿಂಗರಾಯರು. 78 ಸುತ್ತಿನ ತಟ್ಟೆಗಳ ಕಾಲದ ಹಾಡು, ಎರಡು ಸ್ಪೀಕರಿನಲ್ಲೂ ಒಂದೇ ದನಿ. ಎಲ್ಲ ಸರಿಯಿದ್ದರೆ ಗಾಯಕರು ಎರಡರ ನಡುವೆ ನಿಂತು ಹಾಡಿದಂತಿರಬೇಕು. ಎರಡು ಪ್ಲೇಯರಿನಲ್ಲೂ ಹಾಗೇ ನಿಂತರು. ಆಮೇಲೆ ಜೋಶಿಯವರು. ದನಿ ಏರುವ ಮುಂಚಿನ ಉಸಿರು, ಹಿಂದಿನ ತಂಬೂರಿಯ ಝೇಂಕಾರ ದುಬಾರಿಯದರಲ್ಲಿ ಒಂದು ಕೂದಲಷ್ಟು ಹೆಚ್ಚು ಸ್ಪಷ್ಟ; ಅಡುಗೆಮನೆಯಿಂದ ಕೇಳಿದರೆ ಆ ಕೂದಲೂ ಇಲ್ಲ. ಸುಬ್ಬಣ್ಣನವರ ವಿಷಯ ಬೇರೆ. 'ಕಾಡು ಕುದುರೆ'ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ, 2022ರಲ್ಲಿ ನಮ್ಮನ್ನು ಅಗಲಿದ ಆ ಕಂಠದ ಸೊಗಸೇ ಅದರ ತೆರೆದ ತಾರಸ್ಥಾಯಿ. ಅಕ್ಕನಲ್ಲಿರುವ ಒಂದು ಸಿಡಿಯಲ್ಲಿ ಅದೇ ದನಿ ತಗಡಿನಂತೆ ಕೇಳಿಸುತ್ತದೆ, ಎರಡೂ ಪ್ಲೇಯರಿನಲ್ಲಿ. ಕ್ಯಾಸೆಟ್ಟಿನಿಂದ ಸಿಡಿಗೆ ಇಳಿಸುವಾಗ ಹಿಸ್ ಶಬ್ದ ತೆಗೆಯಲು ಹೋಗಿ ದನಿಯ ಮೈಯನ್ನೂ ಉಜ್ಜಿಬಿಟ್ಟಿದ್ದಾರೆ, ರೇಷ್ಮೆ ಸೀರೆಯನ್ನು ಬಂಡೆಗೆ ಬಡಿದು ಒಗೆದ ಹಾಗೆ. ಎಷ್ಟು ಬೆಲೆಯ ಪ್ಲೇಯರ್ ತಂದರೂ ಹೋದದ್ದು ಬರುವುದಿಲ್ಲ. ಪ್ಲೇಯರಿಗೂ ಪ್ಲೇಯರಿಗೂ ಇರುವ ವ್ಯತ್ಯಾಸಕ್ಕಿಂತ ತಟ್ಟೆಗೂ ತಟ್ಟೆಗೂ ಇರುವ ವ್ಯತ್ಯಾಸ ಎಷ್ಟೋ ದೊಡ್ಡದು. ವಿಮರ್ಶಕರು ಮಾಲು ಬಿಟ್ಟು ಇದನ್ನು ಅಳೆಯಬಾರದೇ?

ಅಗ್ಗದ್ದನ್ನೇ ತೆಗೆದುಕೊಂಡೆವು. ಅದರ ಬಟನ್ನುಗಳು ಉಬ್ಬಾಗಿವೆ, ಒತ್ತಿದರೆ ಟಕ್ ಎನ್ನುತ್ತವೆ. ಸಂಖ್ಯೆಗಳು ದಪ್ಪಗೆ ಬೆಳಗುತ್ತವೆ. ತಟ್ಟೆ ಇಡುವ ಟ್ರೇ ಮಾತ್ರ ಗಟ್ಟಿಯಿಲ್ಲ, ಹಪ್ಪಳದಂತಿದೆ. ಅಕ್ಕ ಅದನ್ನು ಕೈಯಿಂದ ದೂಡದೆ ಬಟನ್ ಒತ್ತಿಯೇ ಮುಚ್ಚುತ್ತಾಳೆ.

ಅಂಗಡಿಯಲ್ಲಿ ತಮ್ಮದೇ ಹೊಳೆಯುವ ಸಿಡಿ ಹಾಕಿ ಮೊದಲ ಹಾಡು ಕೇಳಿಸುತ್ತಾರೆ. ನೀವು ನಿಮ್ಮ ಮನೆಯ ಗೀರು ಬಿದ್ದದ್ದನ್ನು ಒಯ್ದು ಕೊನೆಯ ಹಾಡನ್ನು ಹಾಕಿಸಿ. ಸಿಡಿ ಓದಿಸಿಕೊಳ್ಳುವುದು ಒಳಗಿನಿಂದ ಹೊರಗೆ. ಕೊನೆಯ ಹಾಡು ಅಂಚಿನಲ್ಲಿರುತ್ತದೆ, ಕೈ ಬೆರಳಿನ ಜಿಡ್ಡೂ ಗೀರೂ ಅಲ್ಲೇ ಹೆಚ್ಚು. ಮನೆಯಲ್ಲಿ ಕಂಪ್ಯೂಟರಿನಿಂದ ಮಾಡಿಕೊಂಡ ಸಿಡಿಗಳು ಬೆಳಕನ್ನು ಕಡಿಮೆ ಹಿಂತಿರುಗಿಸುವುದರಿಂದ ಅವನ್ನು ಓದಲು ಕೆಲವು ಪ್ಲೇಯರುಗಳು ತಿಣುಕುತ್ತವೆ.

ಅಕ್ಕನಲ್ಲಿ ಅಂಥದ್ದೂ ಒಂದಿದೆ, ನಾಲ್ಕು ಸುತ್ತು ದಾರದ್ದು: ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರ ಗಮಕ ವಾಚನ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಭಾವ ಯಾರದೋ ಕ್ಯಾಸೆಟ್ಟಿನಿಂದ ಮಾಡಿಸಿದ ಪ್ರತಿ. ಹೊಸ ಪ್ಲೇಯರ್ ಅದನ್ನು ಮುಕ್ಕಾಲು ಪಾಲು ಓದಿ, ಅಂಚಿಗೆ ಬಂದಾಗ ತೊದಲುತ್ತದೆ. ಆ ಕ್ಯಾಸೆಟ್ ಇದ್ದವರ ಮನೆ ಮತ್ತೂರಿನ ಕಡೆ ಎಂದು ಅಕ್ಕನಿಗೆ ನೆನಪು. ಭಾನುವಾರ ಇಬ್ಬರೂ ಹೋಗಿ ವಿಚಾರಿಸುವುದೆಂದು ಆಗಿದೆ.